ಶಾರ್ತ್ರ್ ಕೆಥೆಡ್ರಲ್‌ನಲ್ಲಿ ಎರಡೂವರೆ ಗಂಟೆ: ಒಂದು ಮಾರ್ಗದರ್ಶಿ ನಡಿಗೆಯ ವಿಮರ್ಶೆ

ಪ್ಯಾರಿಸ್‌ನ ಮೊಂಪಾರ್ನಾಸ್ ನಿಲ್ದಾಣದಿಂದ ಹೊರಟ ರೈಲು ಗೋಧಿ ಹೊಲಗಳ ಬಯಲಿನಲ್ಲಿ ಒಂದು ಗಂಟೆಗೂ ಹೆಚ್ಚು ಕಾಲ ಓಡಿದ ಮೇಲೆ, ಶಾರ್ತ್ರ್ ಊರಿನ ಮನೆಗಳು ಇನ್ನೂ ಕಣ್ಣಿಗೆ ಬೀಳದಿರುವಾಗಲೇ, ಅಲ್ಲಿನ ಕೆಥೆಡ್ರಲ್‌ನ, ಎಂದರೆ ಬಿಷಪರ ಪ್ರಧಾನ ಚರ್ಚಿನ, ಒಂದನ್ನೊಂದು ಹೋಲದ ಎರಡು ಶಿಖರಗಳು ಕಾಣಿಸಿಕೊಳ್ಳುತ್ತವೆ. ಅಲಂಕಾರವಿಲ್ಲದೆ ನೇರವಾಗಿ ಏರುವ ದಕ್ಷಿಣದ ಶಿಖರ 12ನೆಯ ಶತಮಾನದ್ದು, ಎತ್ತರ ಸುಮಾರು 105 ಮೀಟರ್. ಕಲ್ಲನ್ನೇ ಜಾಲರಿಯಂತೆ ಕೊರೆದಿರುವ ಉತ್ತರದ ಶಿಖರ ಸಿಡಿಲಿನಿಂದ ಹಳೆಯದು ಸುಟ್ಟುಹೋದ ಮೇಲೆ 16ನೆಯ ಶತಮಾನದ ಆರಂಭದಲ್ಲಿ ಕಟ್ಟಿದ್ದು, ಎತ್ತರ ಸುಮಾರು 113 ಮೀಟರ್. ಯುನೆಸ್ಕೊ 1979ರಲ್ಲಿಯೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಈ ಕಟ್ಟಡಕ್ಕೆ ನನ್ನ ಶಿಫಾರಸಿನ ಅಗತ್ಯವಿಲ್ಲ. ಇಲ್ಲಿ ನಾನು ಪರಿಶೀಲಿಸುತ್ತಿರುವುದು ಅದರ ಸಂಕೇತಗಳನ್ನು ಓದಲು ಕಲಿಸುತ್ತೇವೆಂದು ಹೇಳಿ ಹಣ ಪಡೆಯುವ ಒಂದು ಸೇವೆಯನ್ನು: ಇಂಗ್ಲಿಷಿನಲ್ಲಿ ನಡೆಯುವ, ಹದಿನೈದು ಜನರ ಗುಂಪಿನ, ಎರಡೂವರೆ ಗಂಟೆಯ ಮಾರ್ಗದರ್ಶಿ ನಡಿಗೆ. ನಾನು ತಲೆಗೆ 45 ಯೂರೊ ಕೊಟ್ಟೆ. ರೈಲಿನ ಖರ್ಚು ಬೇರೆ. ನನ್ನ ಅನುಭವ ಒಂದೇ ದಿನದ್ದಾದ್ದರಿಂದ ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ. ಇಂತಹ ನಡಿಗೆಗಳನ್ನು ಹಲವರು ನಡೆಸುತ್ತಾರೆ, ಆಯ್ದುಕೊಳ್ಳುವಾಗ ಏನನ್ನು ಕೇಳಬೇಕು ಎಂಬುದು ಓದುಗರಿಗೆ ತಿಳಿದರೆ ಸಾಕು.

ಹಳೇಬೀಡಿನ ಗೋಡೆಯ ಮುಂದೆ ನಿಂತ ಕನ್ನಡಿಗನಿಗೆ ಆನೆಗಳ ಸಾಲು ಏಕೆ ಎಲ್ಲಕ್ಕಿಂತ ಕೆಳಗಿದೆ, ರಾಮಾಯಣ ಮಹಾಭಾರತದ ಕಥೆಗಳು ಏಕೆ ಅದರ ಮೇಲಿವೆ, ದೇವತೆಗಳ ದೊಡ್ಡ ಮೂರ್ತಿಗಳು ಏಕೆ ಇನ್ನೂ ಮೇಲಿವೆ ಎಂಬುದು ಯಾರೂ ವಿವರಿಸದೆಯೇ ಅರ್ಧದಷ್ಟಾದರೂ ಅರಿವಿಗೆ ಬರುತ್ತದೆ, ಏಕೆಂದರೆ ಕಥೆಗಳು ಮನೆಯಲ್ಲಿಯೇ ಕಿವಿಗೆ ಬಿದ್ದಿರುತ್ತವೆ. ಶಾರ್ತ್ರ್‌ನಲ್ಲಿ ನನಗೆ ಆ ಅನುಕೂಲ ಇರಲಿಲ್ಲ. ಅಲ್ಲಿಗೆ ಹೋಗುವ ಮೊದಲು ಬೈಬಲಿನ ಕೆಲವು ಭಾಗಗಳನ್ನು ಓದಿಕೊಂಡಿದ್ದೆನಾದರೂ, ಕಥೆ ತಿಳಿದಿರುವುದು ಬೇರೆ, ಆ ಕಥೆಯನ್ನು ಇದೇ ಜಾಗದಲ್ಲಿ, ಇದೇ ದಿಕ್ಕಿನಲ್ಲಿ, ಇದೇ ಎತ್ತರದಲ್ಲಿ ಏಕೆ ಇಟ್ಟರು ಎಂಬುದು ಬೇರೆ. ಮಧ್ಯಯುಗದ ಚರ್ಚಿನಲ್ಲಿ ಅರ್ಥ ಹುಟ್ಟುವುದು ಬಹುಮಟ್ಟಿಗೆ ಸ್ಥಾನದಿಂದ. ಹೀಗಾಗಿ ಈ ನಡಿಗೆಯನ್ನು ನಾನು ಅಳೆದದ್ದು ಒಂದೇ ಅಳತೆಗೋಲಿನಿಂದ: ಮಾರ್ಗದರ್ಶಿ ನನಗೆ ವಿಗ್ರಹಗಳ ಹೆಸರುಗಳನ್ನು ಹೇಳುತ್ತಾರೆಯೇ, ಅಥವಾ ಸ್ಥಾನವನ್ನು ಓದುವ ಕ್ರಮವನ್ನು ಕಲಿಸುತ್ತಾರೆಯೇ?

ಆರಂಭದಲ್ಲಿಯೇ ನಮ್ಮ ಮಾರ್ಗದರ್ಶಿ ಈ ಪರೀಕ್ಷೆಯಲ್ಲಿ ಗೆದ್ದರು. ಕಲೆಯ ಇತಿಹಾಸವನ್ನು ಓದಿದ್ದ ಆಕೆ ಗುಂಪನ್ನು ಒಳಗೆ ಕರೆದೊಯ್ಯದೆ ಪಶ್ಚಿಮದ ಮೂರು ಬಾಗಿಲುಗಳ ಮುಂದೆ ಮುಕ್ಕಾಲು ಗಂಟೆ ನಿಲ್ಲಿಸಿದರು. 1145ರಿಂದ 1155ರ ಸುಮಾರಿಗೆ ಕೆತ್ತಿದ ಈ ಬಾಗಿಲುಗಳು ಹಳೆಯ ಕೆಥೆಡ್ರಲ್‌ನ ಬಹುಭಾಗವನ್ನು ಸುಟ್ಟ 1194ರ ಬೆಂಕಿಯಲ್ಲಿಯೂ ಉಳಿದುಕೊಂಡವು. ನಮ್ಮ ಗುಡಿಗಳ ಬಾಗಿಲಿನ ಲಲಾಟದಲ್ಲಿ ಗಜಲಕ್ಷ್ಮಿಯೋ ಬೇರೆ ದೇವತೆಯೋ ಇರುವಂತೆ ಇಲ್ಲಿಯೂ ಬಾಗಿಲ ಮೇಲಿನ ಅರ್ಧವೃತ್ತದ ಫಲಕವೇ ಒಳಗೆ ಹೋಗುವವನಿಗೆ ಮೊದಲ ಮಾತನ್ನು ಹೇಳುತ್ತದೆ. ನಡುವಿನ ಬಾಗಿಲ ಮೇಲೆ ಮಹಿಮೆಯಲ್ಲಿ ಕುಳಿತ ಕ್ರಿಸ್ತ, ಆತನ ಸುತ್ತ ಮನುಷ್ಯ, ಸಿಂಹ, ಎತ್ತು ಮತ್ತು ಹದ್ದು ಎಂಬ ನಾಲ್ಕು ಜೀವಿಗಳು. ಮತ್ತಾಯ, ಮಾರ್ಕ, ಲೂಕ, ಯೋಹಾನ ಎಂಬ ನಾಲ್ವರು ಸುವಾರ್ತಾಕಾರರನ್ನು, ಎಂದರೆ ಬೈಬಲಿನಲ್ಲಿ ಯೇಸುವಿನ ಬದುಕನ್ನು ಬರೆದವರನ್ನು, ಇವು ಸೂಚಿಸುತ್ತವೆ. ಕಮಾನಿನ ಪಟ್ಟಿಗಳಲ್ಲಿ ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ ಗ್ರಂಥದ 24 ಹಿರಿಯರು ಕುಳಿತಿದ್ದಾರೆ. ಕಾಲದ ಕೊನೆಯ ಈ ದೃಶ್ಯ ಸೂರ್ಯ ಮುಳುಗುವ ದಿಕ್ಕಿಗೆ ಮುಖ ಮಾಡಿದೆ. ಒಳಗೆ ಹೋಗಿ ಹಿಂತಿರುಗಿ ನೋಡಿದರೆ ಇದೇ ಗೋಡೆಯ ಮೇಲ್ಭಾಗದಲ್ಲಿರುವ ಗುಲಾಬಿ ಕಿಟಕಿ ಎಂಬ ದೊಡ್ಡ ದುಂಡು ಕಿಟಕಿಯಲ್ಲಿಯೂ ಅಂತಿಮ ತೀರ್ಪಿನ ದೃಶ್ಯವೇ ಇದೆ. ಬಲಿಪೀಠವಿರುವುದು ಎದುರು ತುದಿಯಲ್ಲಿ, ಸೂರ್ಯೋದಯದ ಕಡೆಗೆ. ಕಟ್ಟಡದ ನಿಜವಾದ ಅಕ್ಷ ಪೂರ್ವದಿಂದ ಈಶಾನ್ಯಕ್ಕೆ ಸಾಕಷ್ಟು ಓರೆಯಾಗಿದೆ ಎಂಬುದನ್ನು ಆಕೆ ಮುಚ್ಚಿಡಲಿಲ್ಲ. ಆರಾಧನೆಯ ಮಟ್ಟಿಗೆ ಬಲಿಪೀಠದ ದಿಕ್ಕೇ ಪೂರ್ವ ಎಂಬ ರೂಢಿಯನ್ನು ಎರಡೇ ವಾಕ್ಯಗಳಲ್ಲಿ ತಿಳಿಸಿ ಮುಂದಕ್ಕೆ ಹೋದರು.

ಇಡೀ ದಿನದಲ್ಲಿ ನನಗೆ ಅತ್ಯಂತ ಹೆಚ್ಚು ಕಲಿಸಿದ ಹತ್ತು ನಿಮಿಷಗಳು ಬಂದದ್ದು ಬಲಗಡೆಯ ಬಾಗಿಲಿನ ಮುಂದೆ. ಅಲ್ಲಿನ ಫಲಕದ ಕೆಳಗಿನ ಸಾಲಿನಲ್ಲಿ ಯೇಸುವಿನ ಜನನವಿದೆ: ಮರಿಯಳು ಹಾಸಿಗೆಯಲ್ಲಿ ಮಲಗಿದ್ದಾಳೆ, ಮಗುವನ್ನು ಅವಳ ಮೇಲ್ಗಡೆ ಮೇಜಿನಂತಹ ಒಂದು ಎತ್ತರದ ಮೇಲೆ ಇಟ್ಟಿದ್ದಾರೆ. ಅದರ ಮೇಲಿನ ಸಾಲಿನಲ್ಲಿ ಮಗುವನ್ನು ದೇವಾಲಯಕ್ಕೆ ತಂದೊಪ್ಪಿಸುವ ದೃಶ್ಯವಿದೆ, ಮಗು ಬಲಿಪೀಠದ ಮೇಲೆ ನಿಂತಿದೆ. ಎಲ್ಲಕ್ಕಿಂತ ಮೇಲೆ ಸಿಂಹಾಸನದಲ್ಲಿ ನೇರವಾಗಿ ಕುಳಿತ ಮರಿಯಳ ಮಡಿಲಲ್ಲಿ ಅದೇ ಮಗು ಮುಂದಕ್ಕೆ ನೋಡುತ್ತಾ ಕುಳಿತಿದೆ. ಮೂರನ್ನೂ ಬಿಡಿಬಿಡಿಯಾಗಿ ನೋಡುತ್ತಿದ್ದ ನಮಗೆ ಆಕೆ ಒಂದು ಕೈಯನ್ನು ಲಂಬವಾಗಿ ಹಿಡಿದು ತೋರಿಸಿದರು: ಮೂರು ಸಾಲುಗಳಲ್ಲಿಯೂ ಮಗು ಒಂದೇ ನೇರ ರೇಖೆಯಲ್ಲಿದೆ. ಗೋದಲಿಯೂ ಬಲಿಪೀಠ, ದೇವಾಲಯದ ಪೀಠವೂ ಬಲಿಪೀಠ, ತಾಯಿಯ ಮಡಿಲೂ ಬಲಿಪೀಠ. ಅದೇ ಬಾಗಿಲಿನ ಮೂಲಕ ಒಳಗೆ ಹೋದ ಭಕ್ತನು ನಿಜವಾದ ಬಲಿಪೀಠದ ಮೇಲೆ ಯಾಜಕರು ಎತ್ತಿ ತೋರಿಸುವ, ಕ್ರಿಸ್ತನ ದೇಹವೆಂದು ನಂಬಲಾಗುವ ರೊಟ್ಟಿಯನ್ನು ಕಾಣುತ್ತಿದ್ದನು. ಶಿಲ್ಪಿಯು ಒಂದು ಅಕ್ಷರವನ್ನೂ ಬರೆಯದೆ, ಕೇವಲ ಒಂದರ ಮೇಲೊಂದನ್ನು ಇರಿಸಿ, ಒಂದು ಇಡೀ ಧರ್ಮೋಪದೇಶವನ್ನು ಹೇಳಿಬಿಟ್ಟಿದ್ದಾನೆ. ಈ ಲಂಬ ರೇಖೆಯನ್ನು ಕಂಡ ಮೇಲೆ ಉಳಿದ ಎಲ್ಲೆಡೆಯೂ ನನ್ನ ಕಣ್ಣು ಅಂತಹ ರೇಖೆಗಳನ್ನು ತಾನಾಗಿ ಹುಡುಕತೊಡಗಿತು. ಕೊಟ್ಟ ಹಣದ ಬಹುಭಾಗ ನನಗೆ ಆ ಹತ್ತು ನಿಮಿಷಗಳಲ್ಲಿಯೇ ಮರಳಿ ಬಂದಿತು.

ಅದೇ ಬಾಗಿಲಿನ ಕಮಾನಿನಲ್ಲಿ ಮಧ್ಯಯುಗದ ಶಿಕ್ಷಣದ ಏಳು ವಿದ್ಯೆಗಳು ಸ್ತ್ರೀರೂಪದಲ್ಲಿವೆ. ಸಂಗೀತವು ಗಂಟೆಗಳನ್ನು ನುಡಿಸುತ್ತಿದೆ, ಅದರ ಕೆಳಗೆ ಪೈಥಾಗೊರಸ್ ಎಂದು ಗುರುತಿಸಲಾಗುವ ವ್ಯಕ್ತಿ ಬಾಗಿ ಬರೆಯುತ್ತಿದ್ದಾನೆ. ವ್ಯಾಕರಣದ ಕೈಯಲ್ಲಿ ಬೆತ್ತವಿದೆ, ಕಾಲ ಬಳಿ ಇಬ್ಬರು ಹುಡುಗರು. ಕೂಲಿ ಮಠದ ಐಗಳ ಬಗ್ಗೆ ಹಿರಿಯರಿಂದ ಕೇಳಿ ಬೆಳೆದವರಿಗೆ ಆ ಶಿಲ್ಪವನ್ನು ವಿವರಿಸಬೇಕಾಗಿಲ್ಲ. ಕ್ರೈಸ್ತರಲ್ಲದ ಗ್ರೀಕ್ ಪಂಡಿತರಿಗೆ ಕನ್ಯಾಮರಿಯಳ ಬಾಗಿಲಲ್ಲಿ ಏನು ಕೆಲಸ ಎಂದು ಗುಂಪಿನಲ್ಲಿದ್ದವರೊಬ್ಬರು ಕೇಳಿದ ಪ್ರಶ್ನೆಗೆ ಸಿಕ್ಕ ಉತ್ತರ ನನಗೆ ಹಿಡಿಸಿತು. ಮರಿಯಳು ಇಲ್ಲಿ ಜ್ಞಾನದ ಸಿಂಹಾಸನವಾಗಿದ್ದಾಳೆ. ಆ ಜ್ಞಾನದ ಸುತ್ತ ಮನುಷ್ಯ ಕಲಿಯಬಲ್ಲ ವಿದ್ಯೆಗಳೆಲ್ಲವೂ ಪರಿವಾರದಂತೆ ನಿಲ್ಲುತ್ತವೆ. ಈ ಕೆಥೆಡ್ರಲ್‌ಗೆ ಸೇರಿದ ಶಾಲೆ ಆ ಕಾಲದ ಯುರೋಪಿನ ಹೆಸರಾಂತ ವಿದ್ಯಾಕೇಂದ್ರವಾಗಿತ್ತೆಂಬುದನ್ನು ನೆನೆದರೆ ಆ ಆಯ್ಕೆ ಇನ್ನಷ್ಟು ಸಹಜವೆನಿಸುತ್ತದೆ. ಎಡಗಡೆಯ ಬಾಗಿಲಿನ ಕಮಾನಿನಲ್ಲಿ ರಾಶಿಗಳೂ, ಆಯಾ ತಿಂಗಳ ಬೇಸಾಯದ ಕೆಲಸಗಳೂ ಇವೆ. ಜಾಗ ಸಾಲದೆ ಮಿಥುನ ಮತ್ತು ಮೀನ ರಾಶಿಗಳು ಬಲಗಡೆಯ ಬಾಗಿಲಿಗೆ ಹೋಗಿವೆ. ಶೃಂಗೇರಿಯ ವಿದ್ಯಾಶಂಕರ ದೇವಾಲಯದ ಹನ್ನೆರಡು ರಾಶಿಕಂಬಗಳನ್ನು ಕಂಡವರು ಇಲ್ಲಿ ಸ್ವಲ್ಪ ಹೊತ್ತು ನಿಲ್ಲದೆ ಮುಂದೆ ಹೋಗಲಾರರು.

ಒಳಗೆ ಕಾಲಿಟ್ಟಾಗ ಕಣ್ಣು ಹೊಂದಿಕೊಳ್ಳಲು ಆಕೆ ಕೆಲವು ನಿಮಿಷಗಳ ಮೌನವನ್ನು ಕೊಟ್ಟರು. ಇದನ್ನು ಎಲ್ಲ ಮಾರ್ಗದರ್ಶಿಗಳೂ ರೂಢಿಸಿಕೊಳ್ಳಬೇಕು. ಮೇಲ್ಛಾವಣಿಯ ಎತ್ತರ ಸುಮಾರು 37 ಮೀಟರ್. ಅದು ಗೋಡೆಯನ್ನು ಹೊರಕ್ಕೆ ತಳ್ಳುವ ಒತ್ತಡವನ್ನು ಹೊರಗಿನ ಆನಿಕೆ ಕಮಾನುಗಳು ಹೊರುವುದರಿಂದ ಗೋಡೆಗೆ ಬಿಡುಗಡೆ ಸಿಕ್ಕಿದೆ, ಆ ಬಿಡುಗಡೆಯ ಜಾಗವನ್ನು ಬಣ್ಣದ ಗಾಜು ತುಂಬಿದೆ. ಸುಮಾರು 2,600 ಚದರ ಮೀಟರ್‌ನಷ್ಟು ಗಾಜಿದ್ದರೂ ಒಳಗೆ ಬೆಳಕು ಕಡಿಮೆ. ಕಡು ನೀಲಿಯೂ ಕೆಂಪೂ ಸೂರ್ಯನ ಬೆಳಕನ್ನು ತಡೆದು, ಬದಲಿಸಿ, ಬೇರೊಂದು ಬೆಳಕಾಗಿ ಒಳಗೆ ಬಿಡುತ್ತವೆ. ಪ್ಯಾರಿಸ್ ಬಳಿಯ ಸೇಂಟ್ ಡೆನಿಸ್ ಮಠದಲ್ಲಿ 1144ರಲ್ಲಿ ಮುಗಿದ ಹೊಸ ಕಟ್ಟಡದ ಬಗ್ಗೆ ಮಠಾಧಿಪತಿ ಸೂಜೆ ಬರೆದಿಟ್ಟ ವಿಚಾರ, ಎಂದರೆ ಭೌತಿಕ ಬೆಳಕಿನ ಮೂಲಕ ಮನಸ್ಸು ದೈವದ ಬೆಳಕಿನೆಡೆಗೆ ಏರುತ್ತದೆ ಎಂಬ ನಂಬಿಕೆ, ಇಲ್ಲಿ ಪುಸ್ತಕದ ಮಾತಾಗಿ ಉಳಿಯದೆ ಮೈಗೆ ತಟ್ಟುತ್ತದೆ. ಎರಡು ಮಹಾಯುದ್ಧಗಳ ಕಾಲದಲ್ಲಿಯೂ ಈ ಗಾಜುಗಳನ್ನು ಬಿಚ್ಚಿ ಸುರಕ್ಷಿತ ಜಾಗಗಳಿಗೆ ಸಾಗಿಸಿದ್ದರೆಂಬ ಸಂಗತಿಯನ್ನು ಕೇಳಿದಾಗ, ಆ ಕೆಲಸ ಮಾಡಿದ ಅನಾಮಧೇಯ ಕೈಗಳ ಬಗ್ಗೆ ನನಗೆ ಕೃತಜ್ಞತೆ ಉಕ್ಕಿ ಬಂದಿತು.

ಸಾಮಾನ್ಯ ನಡಿಗೆಗಳಲ್ಲಿ ಹತ್ತಾರು ಕಿಟಕಿಗಳನ್ನು ಬೆರಳಿನಿಂದ ತೋರಿಸಿ ಮುಂದೆ ಸಾಗುತ್ತಾರೆ. ಇಲ್ಲಿ ಒಂದೇ ಕಿಟಕಿಗೆ ಇಪ್ಪತ್ತೈದು ನಿಮಿಷ ಮೀಸಲಿಟ್ಟಿದ್ದರು, ಇದು ಈ ಸೇವೆಯ ಅತ್ಯುತ್ತಮ ನಿರ್ಧಾರ. ದಕ್ಷಿಣದ ಪಕ್ಕಸಾಲೆಯಲ್ಲಿರುವ ಒಳ್ಳೆಯ ಸಮಾರ್ಯದವನ ಕಿಟಕಿಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಎಲ್ಲಕ್ಕಿಂತ ಕೆಳಗೆ ಚಮ್ಮಾರರು ತಮ್ಮ ಕೆಲಸದಲ್ಲಿ ತೊಡಗಿದ್ದಾರೆ. ಅವರೇ ಈ ಕಿಟಕಿಯನ್ನು ಕೊಟ್ಟವರು ಎಂಬುದು ಬಹುಕಾಲದ ನಂಬಿಕೆಯಾದರೂ ಇಂತಹ ಚಿತ್ರಗಳೆಲ್ಲ ದಾನದ ಗುರುತೇ ಎಂಬುದನ್ನು ಈಗಿನ ಕೆಲವು ವಿದ್ವಾಂಸರು ಒಪ್ಪುವುದಿಲ್ಲವೆಂದು ಆಕೆ ಸೇರಿಸಿದರು. ಅದರ ಮೇಲೆ ಲೂಕನ ಸುವಾರ್ತೆಯ ಕಥೆ: ಯೆರೂಸಲೇಮಿನಿಂದ ಯೆರಿಕೋಗೆ ಹೊರಟವನು ಕಳ್ಳರ ಕೈಗೆ ಸಿಕ್ಕಿ ಗಾಯಗೊಂಡು ಬೀಳುತ್ತಾನೆ, ಯಾಜಕನೂ ದೇವಾಲಯದ ಸೇವಕನಾದ ಲೇವಿಯನೂ ನೋಡಿ ಹಾದುಹೋಗುತ್ತಾರೆ, ಅನ್ಯನಾದ ಸಮಾರ್ಯದವನು ಗಾಯ ಕಟ್ಟಿ ಛತ್ರಕ್ಕೆ ಸೇರಿಸುತ್ತಾನೆ. ಕಥೆ ಅಲ್ಲಿಗೆ ಮುಗಿಯುತ್ತದೆ, ಆದರೆ ಕಿಟಕಿ ಮುಗಿಯುವುದಿಲ್ಲ. ಅದರ ಮೇಲ್ಭಾಗದಲ್ಲಿ ಇದ್ದಕ್ಕಿದ್ದಂತೆ ಆದಾಮ ಮತ್ತು ಹವ್ವಳ ಸೃಷ್ಟಿಯೂ ಪತನವೂ ಕಾಣಿಸಿಕೊಳ್ಳುತ್ತವೆ. ಕಾಲದ ಕ್ರಮದಲ್ಲಿ ಮೊದಲು ಬರಬೇಕಾದದ್ದು ಇಲ್ಲಿ ಕೊನೆಗೆ, ಎತ್ತರದಲ್ಲಿದೆ. ಆ ಸ್ಥಾನವೇ ವ್ಯಾಖ್ಯಾನ. ದಾರಿಯಲ್ಲಿ ಬಿದ್ದ ಪ್ರಯಾಣಿಕನೇ ತೋಟದಿಂದ ಹೊರಬಿದ್ದ ಆದಾಮ, ಕಳ್ಳರೇ ಪಾಪಗಳು, ಯಾಜಕನೂ ಲೇವಿಯನೂ ಗಾಯವನ್ನು ವಾಸಿ ಮಾಡಲಾರದ ಹಳೆಯ ನಿಯಮ, ಸಮಾರ್ಯದವನೇ ಕ್ರಿಸ್ತ, ಛತ್ರವೇ ಧರ್ಮಸಭೆ. ನೋಡುಗನು ನಿಂತಿರುವುದು ಆ ಛತ್ರದೊಳಗೆ. ಇದು ಹೊಳೆದಾಗ ನಮ್ಮ ಗುಂಪಿನಲ್ಲಿ ಯಾರೂ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಇಂತಹ ಕಿಟಕಿಯನ್ನು ಬರಿಗಣ್ಣಿನಿಂದ ಪೂರ್ತಿ ಓದಲಾಗದು; ಸಂಸ್ಥೆಯವರು ಎರವಲು ಕೊಟ್ಟ ಸಣ್ಣ ದುರ್ಬೀನು ಬಹಳ ಉಪಯೋಗಕ್ಕೆ ಬಂದಿತು.

ಅಡ್ಡ ಸಾಲೆಯ ಎರಡು ತುದಿಗಳಲ್ಲಿರುವ ಗುಲಾಬಿ ಕಿಟಕಿಗಳಿಗೆ ಸಿಕ್ಕ ವಿವರಣೆಯೂ ಚೆನ್ನಾಗಿತ್ತು. ಶಿಲುಬೆಯ ಆಕಾರದ ಈ ಕಟ್ಟಡದಲ್ಲಿ ಬಿಸಿಲು ನೇರವಾಗಿ ಬೀಳದ ಉತ್ತರದ ತೋಳು ಬೈಬಲಿನಲ್ಲಿ ಯೇಸುವಿಗೆ ಮುಂಚಿನ ಭಾಗವಾದ ಹಳೆಯ ಒಡಂಬಡಿಕೆಗೆ, ಬೆಳಕು ತುಂಬುವ ದಕ್ಷಿಣದ ತೋಳು ಯೇಸುವಿನಿಂದ ಆರಂಭವಾಗುವ ಹೊಸ ಒಡಂಬಡಿಕೆಗೆ ಮೀಸಲು. ದಕ್ಷಿಣದ ಗುಲಾಬಿಯ ಕೆಳಗಿನ ಉದ್ದ ಕಿಟಕಿಗಳಲ್ಲಿ ಯೆಶಾಯ, ಯೆರೆಮೀಯ, ಯೆಹೆಜ್ಕೇಲ, ದಾನಿಯೇಲ ಎಂಬ ನಾಲ್ವರು ಪ್ರವಾದಿಗಳು ನಾಲ್ವರು ಸುವಾರ್ತಾಕಾರರನ್ನು ಹೆಗಲ ಮೇಲೆ ಹೊತ್ತು ನಿಂತಿದ್ದಾರೆ. ದೈತ್ಯರ ಹೆಗಲೇರಿದ ಕುಬ್ಜರು ದೈತ್ಯರಿಗಿಂತ ದೂರ ನೋಡಬಲ್ಲರು ಎಂದು ಇದೇ ಊರಿನ ಗುರು ಬರ್ನಾರ್ಡ್ 12ನೆಯ ಶತಮಾನದಲ್ಲಿ ಹೇಳುತ್ತಿದ್ದರೆಂದು ದಾಖಲೆಯಿದೆ. ಆ ಮಾತೇ ಈ ಕಿಟಕಿಗೆ ಮೂಲವೆಂದು ಸಾಧಿಸಲಾಗದು ಎಂದು ಮಾರ್ಗದರ್ಶಿ ಪ್ರಾಮಾಣಿಕವಾಗಿ ಒಪ್ಪಿಕೊಂಡರು. ನನಗೆ ಮಾತ್ರ ತೇರು ನೋಡಲು ಅಪ್ಪನ ಹೆಗಲೇರಿದ ಮಗುವಿನ ನೆನಪಾಯಿತು: ಅಪ್ಪನಿಗೆ ಕಾಣದ ತೇರಿನ ಕಳಶ ಮಗುವಿಗೆ ಕಾಣುತ್ತದೆ, ಆದರೆ ಆ ಎತ್ತರ ಅಪ್ಪನದೇ. ಹಳೆಯ ಒಡಂಬಡಿಕೆಗೂ ಹೊಸದಕ್ಕೂ ಇರುವ ಸಂಬಂಧವನ್ನು ಇದಕ್ಕಿಂತ ಸರಳವಾಗಿ ಚಿತ್ರಿಸಲು ಸಾಧ್ಯವಿಲ್ಲವೆಂದು ನನಗನ್ನಿಸುತ್ತದೆ.

ಇನ್ನು ದೂರುಗಳು. ಮೊದಲನೆಯದು ನೆಲದ ಮೇಲಿನ ಚಕ್ರವ್ಯೂಹದ ಕುರಿತು. 13ನೆಯ ಶತಮಾನದ ಆರಂಭದಲ್ಲಿ ಹಾಸಿದ, ಸುಮಾರು 13 ಮೀಟರ್ ಅಡ್ಡಳತೆಯ ಈ ಸುತ್ತುದಾರಿಯಲ್ಲಿ ನಡೆಯುವ ಅವಕಾಶವಿದೆಯೆಂದು ಸಂಸ್ಥೆಯ ಜಾಹೀರಾತು ಹೇಳಿತ್ತು. ನಾವು ಹೋದದ್ದು ಬುಧವಾರ. ದಾರಿಯ ಮೇಲೆಲ್ಲ ಪ್ರಾರ್ಥನೆಯ ಕುರ್ಚಿಗಳಿದ್ದವು. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಿಂದ ನವೆಂಬರ್ ಒಂದರ ಸಕಲ ಸಂತರ ಹಬ್ಬದವರೆಗೆ ಶುಕ್ರವಾರಗಳಂದು ಮಾತ್ರ ಕುರ್ಚಿಗಳನ್ನು ತೆಗೆಯುವ ರೂಢಿಯಿದೆ, ಇದು ಸಂಸ್ಥೆಗೆ ತಿಳಿಯದ ಸಂಗತಿಯಲ್ಲ. ಹಣ ಪಡೆಯುವ ಮೊದಲೇ ಅದನ್ನು ತಿಳಿಸಬೇಕಿತ್ತು. ವಿವರಣೆಯೂ ಇಲ್ಲಿ ಮಾತ್ರ ಹಳಿ ತಪ್ಪಿತು: ಭೂಮಿಯ ಗುಪ್ತ ಶಕ್ತಿಯ ಮಾತುಗಳು ಬಂದವು, ಪಶ್ಚಿಮದ ಗೋಡೆಯನ್ನು ನೆಲದ ಮೇಲೆ ಮಡಚಿದರೆ ಗುಲಾಬಿ ಕಿಟಕಿ ಸರಿಯಾಗಿ ಈ ವೃತ್ತದ ಮೇಲೆಯೇ ಕೂರುತ್ತದೆಂಬ ಮಾತೂ ಬಂದಿತು. ಅಳತೆಗಳು ಹತ್ತಿರ ಬರುತ್ತವೆ, ಕರಾರುವಾಕ್ಕಾಗಿ ಕೂಡುವುದಿಲ್ಲ. ಈ ಕಲ್ಪನೆಗಳ ಅಗತ್ಯವೇ ಇರಲಿಲ್ಲ, ಏಕೆಂದರೆ ನಿಜವಾದ ಸಂಗತಿಯೇ ಸಾಕಷ್ಟು ಶ್ರೀಮಂತವಾಗಿದೆ. ನಡುವಿನಲ್ಲಿ ಹಿಂದೆ ಇದ್ದ ಲೋಹದ ಫಲಕದಲ್ಲಿ ಗ್ರೀಕ್ ವೀರ ಥೀಸಿಯಸ್ ಮತ್ತು ಗೂಳಿತಲೆಯ ರಾಕ್ಷಸನ ಚಿತ್ರವಿತ್ತೆಂದು ಹಳೆಯ ಬರಹ ಹೇಳುತ್ತದೆ. ಮೃತ್ಯುಲೋಕಕ್ಕೆ ಇಳಿದು ಗೆದ್ದು ಬಂದ ಕ್ರಿಸ್ತನಿಗೆ ಆ ವೀರ ಸಂಕೇತವಾಗಿದ್ದನು. ಒಸೇರ್ ಊರಿನ ಕೆಥೆಡ್ರಲ್‌ನಲ್ಲಿ ಈಸ್ಟರ್ ದಿನ ಇಂತಹದೇ ಚಕ್ರವ್ಯೂಹದ ಮೇಲೆ ಪಾದ್ರಿಗಳು ಚೆಂಡನ್ನು ಎಸೆಯುತ್ತಾ ಕುಣಿಯುತ್ತಿದ್ದರೆಂಬ ದಾಖಲೆಯಿದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯಲ್ಲಿರುವ ಚಕ್ರವ್ಯೂಹವನ್ನು ಬಲ್ಲ ನನಗೆ ಇಲ್ಲಿ ಒಂದು ವ್ಯತ್ಯಾಸ ಎದ್ದು ಕಂಡಿತು. ಅಭಿಮನ್ಯುವಿಗೆ ಒಳಗೆ ಹೋಗುವ ದಾರಿ ಮಾತ್ರ ತಿಳಿದಿತ್ತು. ಶಾರ್ತ್ರ್‌ನ ಸುಮಾರು 260 ಮೀಟರ್ ಉದ್ದದ ದಾರಿಗೆ ಕವಲುಗಳೇ ಇಲ್ಲ. ಎಷ್ಟೇ ಸುತ್ತಿಸಿದರೂ ಅದು ನಡುವಿಗೆ ಮುಟ್ಟಿಸುತ್ತದೆ, ಹೋದ ದಾರಿಯೇ ಹೊರಗೂ ತರುತ್ತದೆ.

ಎರಡನೆಯ ದೂರು ಸಮಯದ ಹಂಚಿಕೆಯದು. ಬಲಿಪೀಠದ ಹಿಂದಿನ ಪ್ರದಕ್ಷಿಣ ಪಥವನ್ನೂ, 876ರಲ್ಲಿ ರಾಜ ಬೋಳು ಚಾರ್ಲ್ಸ್ ಕೊಟ್ಟನೆಂದು ನಂಬಲಾಗುವ ಮರಿಯಳ ವಸ್ತ್ರದ ಅವಶೇಷವನ್ನೂ ಆತುರದಲ್ಲಿ ದಾಟಿದೆವು. 1194ರ ಬೆಂಕಿಯಲ್ಲಿ ಆ ವಸ್ತ್ರ ಸುಟ್ಟುಹೋಯಿತೆಂದು ಊರೇ ಕಂಗೆಟ್ಟಿದ್ದಾಗ ಅದು ನೆಲಮಾಳಿಗೆಯಿಂದ ಸುರಕ್ಷಿತವಾಗಿ ಹೊರಬಂದಿತು, ಇನ್ನೂ ದೊಡ್ಡ ಮನೆ ಬೇಕೆಂಬ ಮರಿಯಳ ಇಚ್ಛೆಯೇ ಇದೆಂದು ಜನ ನಂಬಿದರು. ಇಡೀ ಕಟ್ಟಡ ಮೇಲೆದ್ದದ್ದರ ಹಿಂದಿನ ಈ ಕಥೆಯನ್ನು ನಡೆಯುತ್ತಾ ಹೇಳಿ ಮುಗಿಸಿದ್ದು ಸರಿಯಲ್ಲ. 2009ರ ನಂತರ ನಡೆದ ದುರಸ್ತಿಯಲ್ಲಿ ಕಪ್ಪಾಗಿದ್ದ ಒಳಗೋಡೆಗಳಿಗೆ ಮತ್ತೆ ತಿಳಿ ಬಣ್ಣ ಬಂದಿದೆ, ಹಲವರು ಅದನ್ನು ಕಟುವಾಗಿ ಟೀಕಿಸಿದ್ದಾರೆ. ಈ ಚರ್ಚೆಗೂ ಸಮಯ ಸಿಗಲಿಲ್ಲ. ಹೊಗೆಯ ಕಪ್ಪಿಗಿಂತ ಕಟ್ಟಿದವರ ತಿಳಿ ಬಣ್ಣದ ಮೇಲೆಯೇ ಗಾಜಿನ ನೀಲಿ ಸರಿಯಾಗಿ ಕಾಣುತ್ತದೆಂಬುದು ನನ್ನ ಅಭಿಪ್ರಾಯ. ಕಿವಿಗೆ ಹಾಕಿಕೊಳ್ಳುವ ಉಪಕರಣ ಆಗಾಗ ಗೊರಗೊರ ಎನ್ನುತ್ತಿತ್ತು. ನೆಲಮಾಳಿಗೆಯ ಭೇಟಿ ಈ ಶುಲ್ಕದಲ್ಲಿ ಸೇರಿಲ್ಲ, ಅದಕ್ಕೆ ಪ್ರತ್ಯೇಕ ಚೀಟಿ ಬೇಕು.

ಎಲ್ಲಕ್ಕಿಂತ ಹೆಚ್ಚು ಬೇಸರವಾದದ್ದು ಉತ್ತರದ ಮುಖಮಂಟಪಕ್ಕೆ ಏಳೇ ನಿಮಿಷ ಸಿಕ್ಕಿದ್ದಕ್ಕೆ. ಗುಂಪು ಮಧ್ಯಾಹ್ನದ ರೈಲು ಹಿಡಿಯಬೇಕಿತ್ತು. ಐದರಲ್ಲಿ ನಾಲ್ಕೂವರೆ ಕೊಡಬಹುದಾಗಿದ್ದ ಸೇವೆಗೆ ನಾನು ಮೂರೂವರೆ ಕೊಡುತ್ತಿರುವುದಕ್ಕೆ ಮುಖ್ಯ ಕಾರಣ ಇದೇ. ನಾನು ಆ ರಾತ್ರಿ ಊರಿನಲ್ಲಿಯೇ ಉಳಿದುಕೊಂಡೆ, ಮಾರ್ಗದರ್ಶಿ ಹಂಚಿದ್ದ ಎರಡು ಪುಟಗಳ ನಕ್ಷೆಯನ್ನು ಹಿಡಿದು ಮರುದಿನ ಬೆಳಿಗ್ಗೆ ಒಬ್ಬನೇ ಅಲ್ಲಿಗೆ ಹೋದೆ. ಆ ನಕ್ಷೆ ಸ್ಪಷ್ಟವಾಗಿದೆ, ಪ್ರತಿ ಮೂರ್ತಿಗೂ ಸಂಖ್ಯೆಯಿದೆ, ಅದನ್ನು ತಯಾರಿಸಿದವರನ್ನು ಮೆಚ್ಚಬೇಕು. ನಡುವಿನ ಬಾಗಿಲ ಕಂಬದಲ್ಲಿ ಮರಿಯಳ ತಾಯಿ ಸಂತ ಅನ್ನಮ್ಮ ಮಗುವನ್ನು ಎತ್ತಿಕೊಂಡು ನಿಂತಿದ್ದಾಳೆ. ಎಡ ಅಂಚಿನಲ್ಲಿ ಯಾಜಕನೂ ರಾಜನೂ ಆದ ಮೆಲ್ಕಿಜೆದೇಕ. ಅವನ ಪಕ್ಕದಲ್ಲಿ ಮಗ ಇಸಾಕನ ಗದ್ದವನ್ನು ಮೆಲ್ಲಗೆ ಹಿಡಿದು, ಮೇಲಕ್ಕೆ ನೋಡುತ್ತಿರುವ ಅಬ್ರಹಾಮ, ಅವರ ಪಾದಗಳ ಕೆಳಗೆ ಮಗನ ಬದಲಿಗೆ ಬಲಿಯಾಗಲಿರುವ ಟಗರು. ನಂತರ ಕಂಚಿನ ಸರ್ಪವನ್ನು ತೋರಿಸುವ ಮೋಶೆ, ಕುರಿಮರಿಯನ್ನು ಅರ್ಪಿಸುವ ಸಮುವೇಲ, ದಾವೀದ. ಬಾಗಿಲಿನ ಆಚೆಗೆ ಯೆಶಾಯ, ಯೆರೆಮೀಯ, ಮಗು ಯೇಸುವನ್ನೇ ಕೈಯಲ್ಲಿ ಎತ್ತಿಕೊಂಡ ಸಿಮೆಯೋನ, ಕುರಿಮರಿಯ ಚಿತ್ರವನ್ನು ಎದೆಗೊತ್ತಿಕೊಂಡ ಸ್ನಾನಿಕ ಯೋಹಾನ, ಕೊನೆಗೆ ಯಾಜಕನ ಉಡುಪಿನ ಪೇತ್ರ. ಹತ್ತು ಮಂದಿಯೂ ಒಂದೇ ಬಲಿಯ, ಎಂದರೆ ಕ್ರಿಸ್ತನ ಬಲಿಯ, ಮುನ್ಸೂಚನೆಯನ್ನೋ ನೆರವೇರಿಕೆಯನ್ನೋ ಹಿಡಿದು ಕಾಲದ ಕ್ರಮದಲ್ಲಿ ಸಾಲಾಗಿ ನಿಂತಿದ್ದಾರೆ, ಸಾಲಿನ ಮೊದಲನೆಯ ಯಾಜಕನಿಗೆ ಕೊನೆಯ ಯಾಜಕ ಎದುರಾಗಿದ್ದಾನೆ.

ಆ ಸಾಲನ್ನು ನಾನು ಮೂರು ಸಲ ಓದಿದೆ. ಬಿಸಿಲು ಬೀಳದ ಆ ಗೋಡೆಯ ನೆರಳಿನಲ್ಲಿ, ಇಸಾಕನ ಕಟ್ಟಿದ ಪಾದಗಳ ಬಳಿ ಟಗರನ್ನು ಕಂಡುಹಿಡಿಯಲು ದುರ್ಬೀನು ಬೇಕಾಗುವುದಿಲ್ಲ. ಬೇಕಾಗುವುದು ಅರ್ಧ ಗಂಟೆಯ ಸಮಯ. ಶುಕ್ರವಾರವನ್ನು ಆರಿಸಿಕೊಳ್ಳಿ, ಹೋಗುವ ಮೊದಲು ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯವನ್ನೂ ಆದಿಕಾಂಡದ ಮೊದಲ ಭಾಗವನ್ನೂ ಓದಿಕೊಳ್ಳಿ, ಸಂಜೆಯ ರೈಲಿಗೆ ಮರಳುವ ಚೀಟಿಯನ್ನು ತೆಗೆದುಕೊಳ್ಳಿ, ನಡಿಗೆ ಮುಗಿದ ಮೇಲೆ ನಕ್ಷೆಯೊಂದಿಗೆ ಉತ್ತರದ ಬಾಗಿಲಿಗೆ ಮರಳಿ ಹೋಗಿ.